ಜರಡಿಯವರ ಸ್ವಂತ ಜರಡಿ

ಜರಡಿಯವರ ಕೋಣೆಗೆ ಬೇಸಿಗೆಯಲ್ಲಿ ದೂರುಗಳು ಹೆಚ್ಚು. ಇಡೀ ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ನಿರ್ದೇಶಕರ ಕೋಣೆ ಬಿಟ್ಟರೆ ತಂಪು ಮಾಡುವ ಯಂತ್ರ ಇರುವುದು ಅಲ್ಲಿ ಮಾತ್ರ. ಅದೂ ಅವರಿಗಾಗಿ ಅಲ್ಲ, ಮೇಲ್ ಸರ್ವರ್‌ಗಾಗಿ. ಸರ್ವರ್ ಬೆವರಬಾರದು ಎಂದು ಜರಡಿಯವರು ಹನ್ನೆರಡು ತಿಂಗಳೂ ಕಂದು ಬಣ್ಣದ ಸ್ವೆಟರ್ ತೊಟ್ಟು ಕೂರುತ್ತಾರೆ. ಮೊಳಕೆ ವಿಭಾಗದ ಬಿಸಿ ಪೆಟ್ಟಿಗೆಗಳ ನಡುವೆ ಬೆಂದ ನಮ್ಮಂಥವರು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ “ಸಾರ್, ನನ್ನ ಮೇಲ್ ಯಾಕೋ ಸರಿಯಿಲ್ಲ” ಎಂದು ಬಾಗಿಲು ತಳ್ಳುತ್ತೇವೆ. ಅವರಿಗೆ ಇದು ಗೊತ್ತಿಲ್ಲ ಎಂದಲ್ಲ. ಗೊತ್ತಿದ್ದೂ ದೂರುದಾರರ ಕುರ್ಚಿಯ ಮೇಲಿನ ಕಾಗದಗಳನ್ನು ಎತ್ತಿ ಪಕ್ಕಕ್ಕಿಡುತ್ತಾರೆ.

ಅಡ್ಡಹೆಸರು ನ್ಯಾಯವಾಗಿಯೇ ಬಂದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಶುದ್ಧತೆ ವಿಭಾಗದಲ್ಲಿದ್ದರು. ಬಂದ ಮಾದರಿಯನ್ನು ಒಂದರ ಮೇಲೊಂದು ಜೋಡಿಸಿದ ಹಿತ್ತಾಳೆ ಜರಡಿಗಳಲ್ಲಿ ಆಡಿಸಿ, ಕಳೆಬೀಜ, ಮುರುಕು, ಮಣ್ಣಿನ ಹರಳು ಇವನ್ನೆಲ್ಲ ಬೇರೆ ಮಾಡಿ ತೂಗುವುದು ಅಲ್ಲಿನ ಕೆಲಸ. ಮುಂದೆ ಪ್ರಯೋಗಾಲಯಕ್ಕೆ ಸ್ವಂತ ಮೇಲ್ ಸರ್ವರ್ ಬಂತು. ಅದರ ಜೊತೆ ಬಂದ ದಪ್ಪ ಕೈಪಿಡಿಯನ್ನು ಕೊನೆಯ ಪುಟದ ತನಕ ಓದಿದವರು ಇವರೊಬ್ಬರೇ. ಓದಿದ ತಪ್ಪಿಗೆ ಸರ್ವರ್ ಅವರ ಕೊರಳಿಗೇ ಬಿತ್ತು. ಬಂದ ಪತ್ರಗಳಲ್ಲಿ ಯಾವುದು ಯಾವ ಪೆಟ್ಟಿಗೆಗೆ ಹೋಗಬೇಕು ಎಂಬ ನಿಯಮ ಬರೆಯಲು ಒಂದು ಪುಟ್ಟ ಭಾಷೆಯಿದೆ. ಅದನ್ನು ಮಾಡಿದ ಪುಣ್ಯಾತ್ಮರು ಅದಕ್ಕೆ ಸೀವ್, ಅಂದರೆ ಜರಡಿ, ಎಂದೇ ಹೆಸರಿಟ್ಟಿದ್ದರು. ಹೀಗಾಗಿ ಅವರ ಕೆಲಸ ಬದಲಾದರೂ ಅಡ್ಡಹೆಸರು ಬದಲಾಯಿಸುವ ಶ್ರಮ ನಮಗೆ ಬೀಳಲಿಲ್ಲ.

ಈ ಜರಡಿಯ ವಿಷಯದಲ್ಲಿ ಒಂದು ಸಂಗತಿ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ನಾವು ಬರೆದ ನಿಯಮವನ್ನು ಯಂತ್ರ ಪ್ರತಿ ಸಲವೂ ಓದುವುದಿಲ್ಲ. ಒಮ್ಮೆ ಓದಿ, ತನಗೆ ಬೇಕಾದ ಹಾಗೆ ಅರೆದು, ತನ್ನದೇ ಲಿಪಿಯಲ್ಲಿ ಇನ್ನೊಂದು ಕಡತ ಮಾಡಿಟ್ಟುಕೊಳ್ಳುತ್ತದೆ. ಪತ್ರ ಬಂದಾಗ ಓಡುವುದು ಆ ಅರೆದ ಕಡತ. ಅದನ್ನು ನಾವು ತೆರೆದರೆ ಇರುವೆ ಮಸಿಯಲ್ಲಿ ಬಿದ್ದು ನಡೆದ ಹಾಗೆ ಕಾಣುತ್ತದೆ, ಅಷ್ಟೇ. ಆದರೆ ಅದನ್ನು ಬಿಚ್ಚಿ ತೋರಿಸಲು ಒಂದು ಸಾಲಿನ ಆಜ್ಞೆಯಿದೆ. ಕಪ್ಪು ಪರದೆಯ ಮೇಲೆ ‘ಸೀವ್ ಡಂಪ್’ ಎಂದು ಹೊಡೆದು ಕಡತದ ಹೆಸರು ಕೊಟ್ಟರೆ, ಯಂತ್ರ ನಿಜವಾಗಿ ಏನೇನು ಮಾಡುತ್ತಿದೆ ಎಂಬುದು ಹೆಜ್ಜೆಹೆಜ್ಜೆಯಾಗಿ ಇಳಿದು ಬರುತ್ತದೆ. ಎಡಗಡೆ ಆ ಹೆಜ್ಜೆಯ ಸಂಖ್ಯೆ, ಬಲಗಡೆ ಮಾಡಬೇಕಾದ ಕೆಲಸ: ಕಳಿಸಿದವರ ವಿಳಾಸ ನೋಡು, ಇದಲ್ಲದಿದ್ದರೆ ಇಂಥ ಹೆಜ್ಜೆಗೆ ಹಾರು, ಹೌದಾದರೆ ಈ ಪೆಟ್ಟಿಗೆಗೆ ಹಾಕು. ಬೇರೆಯವರು ಬೆಳಗ್ಗೆ ಪತ್ರಿಕೆ ಓದುವ ಹಾಗೆ ಜರಡಿಯವರು ಇದನ್ನು ಓದುತ್ತಾರೆ. ನಡುನಡುವೆ ನಗುವುದೂ ಉಂಟು.

ಒಮ್ಮೆ ಉಗ್ರಾಣ ನೋಡಿಕೊಳ್ಳುವಾಕೆ ಬಂದು, “ಚೀಲದವರ ಪತ್ರಗಳು ಚೀಲದ ಪೆಟ್ಟಿಗೆಗೆ ಬೀಳ್ತಾನೇ ಇಲ್ಲ ಸಾರ್. ನಿಯಮ ಮಾತ್ರ ಇಲ್ಲೇ ಇದೆ, ನೋಡಿ, ಕಣ್ಣಿಗೆ ರಾಚೋ ಹಾಗಿದೆ” ಎಂದಳು.

“ನಿಮ್ಮ ಕಣ್ಣಿಗೆ ರಾಚತ್ತೆ. ಅದರ ಕಣ್ಣಿಗೆ ರಾಚತ್ತಾ? ಬಿಚ್ಚಿ ನೋಡಿದ್ರಾ?”

“ಬಿಚ್ಚೋಕೆ ಅದೇನು ಮೂಟೆನಾ?”

ಬಿಚ್ಚಿದರು. ಅರೆದ ಕಡತದಲ್ಲಿ ಚೀಲದವರ ಸುದ್ದಿಯೇ ಇರಲಿಲ್ಲ. ಆಕೆ ತನ್ನ ನೆನಪಿಗೆಂದು ನಿಯಮದ ಮೇಲಿನ ಸಾಲಿನಲ್ಲಿ ಟಿಪ್ಪಣಿಯ ಗುರುತು ಹಾಕಿ ‘ಚೀಲದವರು’ ಎಂದು ಬರೆದಿದ್ದಳು. ಆಮೇಲೆ ಯಾವಾಗಲೋ ಕೆಳಗಿನ ಸಾಲು ಮೇಲಕ್ಕೆ ಸರಿದು ಅದರ ಬಾಲಕ್ಕೆ ಅಂಟಿಕೊಂಡಿತ್ತು. ಟಿಪ್ಪಣಿಯ ಗುರುತಿನ ನಂತರ ಆ ಸಾಲಿನಲ್ಲಿ ಏನಿದ್ದರೂ ಯಂತ್ರಕ್ಕೆ ಅದು ಗಾಳಿ.

“ನೋಡಿ,” ಎಂದರು ಜರಡಿಯವರು, ತಮ್ಮ ಪ್ರೀತಿಯ ಮಾತನ್ನು ಹೇಳುವ ಅವಕಾಶ ಸಿಕ್ಕಿದ ಸಂತೋಷದಲ್ಲಿ, “ಬರೆದಿರೋದು ನೀವು ಅಂದ್ಕೊಂಡಿರೋದು. ಬಿಚ್ಚಿದಾಗ ಕಾಣೋದು ನಡೀತಿರೋದು. ಎರಡೂ ಒಂದೇ ಅಂತ ನಂಬಬಾರದು.”

“ನಮ್ಮ ಯಜಮಾನರ ವಿಷಯದಲ್ಲೂ ಹೀಗೇ ಬಿಚ್ಚಿ ನೋಡೋಕಾಗತ್ತಾ ಸಾರ್?” ಎಂದು ಕೇಳಿ ಆಕೆ ಹೊರಟುಹೋದಳು.

ಊರಿನವರ ಜರಡಿಗಳನ್ನೆಲ್ಲ ಬಿಚ್ಚಿ ನೋಡಿದ ಮನುಷ್ಯ ತನ್ನದನ್ನು ಮಾತ್ರ ಒಂದು ದಿನವೂ ಬಿಚ್ಚಿರಲಿಲ್ಲ. ಯಾಕೆ ಬಿಚ್ಚಬೇಕು? ತಾನೇ ಬರೆದದ್ದಲ್ಲವೇ! ನಾಡಿ ಹಿಡಿಯುವ ವೈದ್ಯ ತನ್ನ ಕೈ ತಾನೇ ಹಿಡಿದುಕೊಂಡು ಕೂರುತ್ತಾನೆಯೇ?

ಇಲ್ಲಿಗೆ ಅವರ ಭಾವಮೈದನನ್ನು ಕರೆತರಬೇಕು. ಹೆಂಡತಿಯ ಒಬ್ಬನೇ ತಮ್ಮ. ಬಸ್ಸಿನಲ್ಲಿ ಮೂರು ಗಂಟೆ ದೂರದ ಪಟ್ಟಣದ ನ್ಯಾಯಾಲಯದಲ್ಲಿ ಬೆರಳಚ್ಚುಗಾರ. ಎಡಗಿವಿ ಸ್ವಲ್ಪ ಮಂದ. ಫೋನೆಂದರೆ ಆಗದು. ಮೂರು ಸಲ “ಏನು?” ಎಂದು ಕೂಗಿ ಇಟ್ಟುಬಿಡುತ್ತಾನೆ. “ಬಾಯಿಮಾತಿಗೆ ಸಾಕ್ಷಿ ಎಲ್ಲಿದೆ? ಬರೀರಿ” ಎನ್ನುವುದು ಅವನ ನ್ಯಾಯಾಲಯದ ತತ್ವ. ಅವನ ಹೆಂಡತಿ ಮಗಳನ್ನು ಚಿಕ್ಕವಳಿರುವಾಗಲೇ ಬಿಟ್ಟುಹೋದಳು. ಆ ಮಗು ಶಾಲೆಯ ಮೊದಲ ಕೆಲವು ವರ್ಷ ಬೆಳೆದದ್ದು ಜರಡಿಯವರ ಮನೆಯಲ್ಲಿ, ಸೋದರತ್ತೆಯ ಕೈಯಲ್ಲಿ. ಜರಡಿಯವರಿಗೆ ಮಕ್ಕಳಿಲ್ಲ. ಅತ್ತೆ ಬೆಳಗ್ಗೆ ಅವಳ ತಲೆ ಬಾಚಿ ಎರಡು ಜಡೆ ಹಾಕುವಾಗ ಮಾವ ಪಕ್ಕದಲ್ಲಿ ನಿಂತು ಎರಡೂ ಒಂದೇ ಉದ್ದ ಇವೆಯೇ ಎಂದು ಅಳತೆಪಟ್ಟಿ ಹಿಡಿದು ನೋಡುತ್ತಿದ್ದರಂತೆ.

ಭಾವಮೈದನ ದೋಷ ಒಂದೇ. ಟೈಪು ಹೊಡೆಯುವ ಬೆರಳು ಸುಮ್ಮನಿರುತ್ತಿರಲಿಲ್ಲ. ದಿನಕ್ಕೆ ನಾಲ್ಕು ಪತ್ರ ಭಾವನ ವಿಳಾಸಕ್ಕೆ ಬಂದು ಬೀಳುತ್ತಿದ್ದವು. ಅಕ್ಕನಿಗೆ ಸ್ವಂತ ವಿಳಾಸ ಇರಲಿಲ್ಲ. ಮನೆಗೆ ಬರುವುದೆಲ್ಲ ಜರಡಿಯವರ ಹೆಸರಿಗೇ ಬಂದು, ಸಂಜೆ ಕಾಫಿಯ ಜೊತೆ ಅವರ ಬಾಯಿಂದಲೇ ಅವಳಿಗೆ ತಲುಪಬೇಕು. ಬೆಳ್ಳುಳ್ಳಿಯ ಗುಣಗಳು, ಎಡಮಗ್ಗುಲಲ್ಲಿ ಮಲಗುವುದರ ಲಾಭ, ಬೆಳ್ಳುಳ್ಳಿಯ ಇನ್ನಷ್ಟು ಗುಣಗಳು. ಒಂದು ದಿನ “ಬೆಳ್ಳುಳ್ಳಿ: ಒಂದು ಮರುಪರಿಶೀಲನೆ” ಎಂಬುದು ಏಳು ಪುಟ ಬಂದಾಗ ಜರಡಿಯವರ ತಾಳ್ಮೆ ತಪ್ಪಿತು. ತಮ್ಮ ಜರಡಿಗೆ ಒಂದು ನಿಯಮ ಸೇರಿಸಿದರು. ಈ ವಿಳಾಸದಿಂದ ಏನು ಬಂದರೂ ‘ಆಮೇಲೆ’ ಎಂಬ ಪೆಟ್ಟಿಗೆಗೆ ಹಾಕು, ಪೆಟ್ಟಿಗೆ ಇಲ್ಲದಿದ್ದರೆ ಮಾಡಿಕೊಂಡು ಹಾಕು. ಜೊತೆಗೆ ಕಳಿಸಿದವರಿಗೆ ಒಂದು ಉತ್ತರ ಹೋಗಲಿ: “ನಿಮ್ಮ ಪತ್ರ ತಲುಪಿದೆ. ಬಿಡುವಾದಾಗ ಓದಲಾಗುವುದು.”

ವಾರಕ್ಕೊಂದಕ್ಕಿಂತ ಹೆಚ್ಚು ಉತ್ತರ ಕಳಿಸಬಾರದೆಂಬ ಮರ್ಯಾದೆ ಯಂತ್ರಕ್ಕಿತ್ತು. ಭಾವಮೈದನನ್ನು ಸಿಟ್ಟಿಗೆಬ್ಬಿಸಲು ಒಂದೇ ಸಾಕಾಯಿತು. ಅವನು ಮಾತು ಬಿಟ್ಟ.

ಕೆಲವು ತಿಂಗಳ ನಂತರ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿದಾಗ ತಮ್ಮ ಬಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಕೂತ. ಕಣ್ಣಿಗೆ ಕಟ್ಟು ಕಟ್ಟಿಸಿಕೊಂಡೇ ಅವಳು ಗಂಡನಿಗೆ ಹೇಳಿದಳು: “ಅವನಿಗೆ ಹಾಕಿರೋ ಆ ದರಿದ್ರದ ಬೇಲಿ ಮೊದಲು ಕಿತ್ತು ಹಾಕಿ. ನನ್ನ ಕಟ್ಟು ಬಿಚ್ಚೋ ಹೊತ್ತಿಗೆ ಅದು ಇರಕೂಡದು.”

ಕಿತ್ತು ಹಾಕಿದರು. ಆದರೆ ಜರಡಿಯವರ ಕೀಳುವ ಕ್ರಮವೇ ಬೇರೆ. ಸಾಲು ಅಳಿಸುವುದು ಅವರ ದೃಷ್ಟಿಯಲ್ಲಿ ಹರಕು ಕೆಲಸ. ನಿಯಮ ಬದಲಾಯಿಸುವ ಮೊದಲೆಲ್ಲ ಒಂದು ಪ್ರತಿ ಎತ್ತಿಟ್ಟಿರುತ್ತಾರೆ. ಈಗಲೂ ಬೇಲಿ ಹಾಕುವುದಕ್ಕಿಂತ ಮುಂಚಿನ ಚೊಕ್ಕ ಪ್ರತಿಯನ್ನು ತೆಗೆದು ಅದರ ಹಳೆಯ ತಾರೀಖಿನ ಸಮೇತ ವಾಪಸು ಇಟ್ಟರು. ತಾರೀಖಿನ ಸಮೇತ ಯಾಕೆ ಎಂದರೆ, ಅದು ಶುದ್ಧತೆ ವಿಭಾಗದಲ್ಲಿ ಮೂಳೆಗಿಳಿದ ಪಾಠ: ಮಾದರಿಯ ಚೀಟಿಯ ಮೇಲಿನ ತಾರೀಖನ್ನು ಯಾರೂ ಮುಟ್ಟಬಾರದು. ಹೊಸ ಚೀಲಕ್ಕೆ ಸುರಿದರೂ ಹಳೆಯ ಚೀಟಿಯೇ. ಆಮೇಲೆ ‘ಆಮೇಲೆ’ ಪೆಟ್ಟಿಗೆಯನ್ನೂ ಖಾಲಿ ಮಾಡಿ, ಅಳಿಸಿ, ಕೈ ಒರೆಸಿಕೊಂಡರು.

ಅಂದಿನಿಂದ ಭಾವಮೈದನಿಂದ ಒಂದು ಬೆಳ್ಳುಳ್ಳಿಯ ಎಸಳೂ ಬರಲಿಲ್ಲ. ಆಸ್ಪತ್ರೆಯಲ್ಲಿ ಕೂತು ಯೋಚಿಸಿ ಅವನಿಗೆ ಬುದ್ಧಿ ಬಂದಿರಬೇಕು ಎಂದು ಜರಡಿಯವರು ತೀರ್ಮಾನಿಸಿದರು. ನಮ್ಮ ಬಳಿಯೂ ಹೇಳಿಕೊಂಡರು: “ಮನುಷ್ಯ ಸುಧಾರಿಸೋಕೆ ವಯಸ್ಸಿನ ಮಿತಿ ಇಲ್ಲ, ನೋಡಿ.” ಅವರ ಹೆಂಡತಿ ಮಾತ್ರ ಒಂದು ವರ್ಷ ದಾರಿ ನೋಡಿದಳು. ತಮ್ಮ ಬರಲಿಲ್ಲ. ಇತ್ತೀಚೆಗೆ ಮಗಳಂಥ ಆ ಹುಡುಗಿಯ ಭಾನುವಾರದ ಫೋನುಗಳೂ ಗಿಡ್ಡವಾಗಿ, ನಿಂತವು. ಹೊಸ ಕೆಲಸ, ಪುರುಸೊತ್ತಿಲ್ಲ ಎಂದು ಅತ್ತೆ ತನಗೆ ತಾನೇ ಹೇಳಿಕೊಂಡಳು.

ಒಂದು ಶುಕ್ರವಾರ ಸಂಜೆ ಅವಳ ದೊಡ್ಡಮ್ಮನ ಫೋನು ಬಂತು.

“ಏನೇ, ನಾಡಿದ್ದು ಯಾವ ಸೀರೆ ಉಡ್ತೀಯ? ನಾನು ನೀಲಿ ತೆಗೆದಿಟ್ಟಿದೀನಿ, ನೀನೂ ಅದೇ ಉಟ್ಟರೆ ಇಬ್ಬರೂ ಬ್ಯಾಂಡಿನವರ ಹಾಗೆ ಕಾಣ್ತೀವಿ ಅಂತ ಮೊದಲೇ ಕೇಳ್ದೆ.”

“ನಾಡಿದ್ದು ಏನು ದೊಡ್ಡಮ್ಮ?”

“ಅಯ್ಯೋ, ನನ್ನ ಬಾಯಿಗಿಷ್ಟು. ನಿನ್ನ ತಮ್ಮನ ಮಗಳ ಮದುವೆ ಕಣೇ.”

ಜರಡಿಯವರು ಚಪ್ಪಲಿ ಬಿಡುವ ಹೊತ್ತಿಗೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕಾಫಿ ಲೋಟ ಇರಲಿಲ್ಲ. ವಿಷಯ ಹೇಳಿದಳು.

“ನಮಗೆ ಒಂದು ಪತ್ರವೂ ಬಂದಿಲ್ಲವಲ್ಲ!” ಎಂದರು ಅವರು.

“ಬಂದಿಲ್ಲವಾ, ಬಂದದ್ದು ನಿಮಗೆ ಕಾಣಲಿಲ್ಲವಾ?”

“ನನಗೆ ಕಾಣದೇ ಇರೋದಾ? ನನ್ನ ಜರಡಿ ತೊಳೆದ ಅಕ್ಕಿ ಹಾಗಿದೆ. ಅದರ ಪ್ರತಿ ಇಲ್ಲೇ ಇದೆ, ನೋಡು.” ಚೀಲದಿಂದ ಮುದ್ರಿಸಿಟ್ಟುಕೊಂಡ ಹಾಳೆ ತೆಗೆದರು. ಅವರ ಬಳಿ ಎಲ್ಲಕ್ಕೂ ಒಂದು ಪ್ರತಿ ಇರುತ್ತದೆ. “ಎಲ್ಲಿದೆ ನಿನ್ನ ತಮ್ಮನ ಹೆಸರು? ತೋರಿಸು.”

ಅವಳು ಹಾಳೆ ನೋಡಲಿಲ್ಲ, ಗಂಡನ ಮುಖ ನೋಡಿದಳು. ಇಪ್ಪತ್ತೆಂಟು ವರ್ಷ ಸಂಜೆಯ ಕಾಫಿಯ ಜೊತೆ ಅವಳು ಬರೀ ಪತ್ರಗಳನ್ನು ಕೇಳಿರಲಿಲ್ಲ. ಉಗ್ರಾಣದಾಕೆಯ ಚೀಲದ ಕತೆ, ಇನ್ನೂ ಅಂಥ ನೂರಾರು ಕತೆ ಕೇಳಿದ್ದಳು.

“ಬಿಚ್ಚಿ ನೋಡಿದ್ರಾ?” ಎಂದಳು.

“ನನ್ನದನ್ನಾ? ಅದನ್ನ ಬರೆದದ್ದು ನಾನು!”

“ಅದಕ್ಕೇ ಕೇಳಿದ್ದು.”

ಆ ರಾತ್ರಿ ಜರಡಿಯವರು ಮೆಲ್ಲಗೆ, “ಒಂದು ಫೋನು ಮಾಡಿ ನೋಡೋಣವಾ?” ಎಂದರು. “ಏನಂತ ಮಾಡಲಿ? ನನ್ನನ್ನ ಕರೆಯೋಕೆ ಮರೆತಿದೀಯಾ ಅಂತಲಾ? ತವರಿನವರು ಕರೆಯದೆ ಇರೋ ಮದುವೆಗೆ ನಾನೇ ಬಾಯಿಬಿಟ್ಟು ಜಾಗ ಕೇಳಲಾ?” ಎಂದವಳು ಬಟ್ಟೆ ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಸರ್ವರನ್ನು ಆ ಕೋಣೆಯಿಂದಲೇ ಮುಟ್ಟಬೇಕು, ಮನೆಯಿಂದ ಮುಟ್ಟಬಾರದು ಎಂಬುದು ಅವರೇ ಮಾಡಿದ ನಿಯಮ. ಹಾಗಾಗಿ ಶನಿವಾರ ಬೆಳಗ್ಗೆ ಇಬ್ಬರೂ ಪ್ರಯೋಗಾಲಯಕ್ಕೆ ಬಂದರು. ಮೊಳಕೆಗೆ ರಜೆ ಇಲ್ಲದ ಕಾರಣ ನಾನಿದ್ದೆ. ಬಾಗಿಲ ಸಂದಿಯಿಂದ ಕಂಡದ್ದಿಷ್ಟು: ದೂರುದಾರರ ಕುರ್ಚಿಯಲ್ಲಿ ಹೆಂಡತಿ, ಅವಳ ಹೆಗಲ ಮೇಲೆ ಕಂದು ಸ್ವೆಟರ್, ತೋಳಿಲ್ಲದ ಬನಿಯನ್ನಿನ ಗೆರೆ ಅಂಗಿಯೊಳಗಿಂದ ಕಾಣುತ್ತ ನಡುಗುತ್ತಿದ್ದ ಜರಡಿಯವರು. ಉಳಿದದ್ದನ್ನು ಆಮೇಲೆ ಇಬ್ಬರೂ ಬೇರೆಬೇರೆಯಾಗಿ ಹೇಳಿದರು. ಎರಡೂ ಹೇಳಿಕೆಗಳು ತಾಳೆಯಾದ್ದರಿಂದ ಬರೆಯುತ್ತಿದ್ದೇನೆ.

ಅವರು ಮೊದಲು ತಮ್ಮ ನಿಯಮದ ಪಠ್ಯ ತೆರೆದು ತೋರಿಸಿದರು. ತೊಳೆದ ಅಕ್ಕಿಯೇ. “ಆಯ್ತಾ?” ಎಂದರು. “ಆಗಿಲ್ಲ,” ಎಂದಳು. ಅವರು ಸೀವ್ ಡಂಪ್ ಹೊಡೆದು, ಕಡತದ ಹೆಸರು ಕೊಟ್ಟು, ಗುಂಡಿ ಒತ್ತಿದರು. ಸಾಲುಗಳು ಇಳಿದವು. ಅವಳಿಗೆ ಆ ಭಾಷೆ ಬರದು. ಆದರೆ ತಮ್ಮನ ವಿಳಾಸ ಓದಲು ಭಾಷೆ ಬೇಕೇ?

“ಇದು ನಮ್ಮವನದಲ್ವಾ?” ಎಂದು ಪರದೆಯ ಮೇಲೆ ಬೆರಳಿಟ್ಟಳು.

ಜರಡಿಯವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಕಳಿಸಿದವರ ವಿಳಾಸ ನೋಡು. ಇದಲ್ಲದಿದ್ದರೆ ಕೆಳಗೆ ಹಾರು. ಹೌದಾದರೆ ‘ಆಮೇಲೆ’ ಪೆಟ್ಟಿಗೆಗೆ ಹಾಕು, ಇಲ್ಲದಿದ್ದರೆ ಮಾಡಿಕೋ. ಅದರ ಕೆಳಗೆ, ಅವರದೇ ಮಾತು, ಒಂದು ಅಕ್ಷರವೂ ಸವೆಯದೆ: “ನಿಮ್ಮ ಪತ್ರ ತಲುಪಿದೆ. ಬಿಡುವಾದಾಗ ಓದಲಾಗುವುದು.”

ಆದದ್ದು ಸರಳ. ಪಠ್ಯ ಹೊಸದೋ, ಅರೆದದ್ದು ಹೊಸದೋ ಎಂದು ಯಂತ್ರ ತಿಳಿಯುವುದು ತಾರೀಖು ನೋಡಿ. ಪಠ್ಯ ಹೊಸದಾದರೆ ಮತ್ತೆ ಅರೆಯುತ್ತದೆ, ಇಲ್ಲದಿದ್ದರೆ ಅರೆದಿಟ್ಟದ್ದೇ ಸರಿ ಎಂದು ಮುಂದುವರಿಯುತ್ತದೆ. ಜರಡಿಯವರು ಚೊಕ್ಕ ಪ್ರತಿಯನ್ನು ವಾಪಸು ಇಟ್ಟಾಗ ಅದರ ಮೇಲೆ ಬೇಲಿಗಿಂತ ಹಿಂದಿನ ತಾರೀಖಿತ್ತು. ಯಂತ್ರ ಅದನ್ನು ನೋಡಿತು. ಇದು ಹಳೆಯದು, ನನ್ನ ಬಳಿ ಇರುವುದೇ ಇದಕ್ಕಿಂತ ಹೊಸದು ಎಂದುಕೊಂಡಿತು. ಒಂದು ವರ್ಷದಿಂದ ಬೇಲಿ ಕಾಗದದ ಮೇಲೆ ಇರಲಿಲ್ಲ, ನೆಲದ ಮೇಲೆ ಇತ್ತು. ಅಳಿಸಿದ ಪೆಟ್ಟಿಗೆಯನ್ನು ಯಂತ್ರ ಮೊದಲ ಪತ್ರಕ್ಕೇ ಮತ್ತೆ ಮಾಡಿಕೊಂಡಿತ್ತು. ಹಾಗೆ ತಾನಾಗಿ ಹುಟ್ಟಿದ ಪೆಟ್ಟಿಗೆ, ನೋಡಬೇಕೆಂದು ನಾವು ಗುರುತು ಹಾಕದ ಹೊರತು, ಅವರು ಪತ್ರ ಓದುವ ತೆರೆಯ ಮೇಲೆ ಕಾಣುತ್ತಿರಲಿಲ್ಲ.

ಪೆಟ್ಟಿಗೆ ತೆರೆದರು. ಪತ್ರಗಳು ತುಂಬಿದ್ದವು. ‘ಅಕ್ಕನ ಕಣ್ಣು ಹೇಗಿದೆ?’ ‘ಮುಂದಿನ ತಿಂಗಳು ನಾಲ್ಕು ದಿನ ರಜೆ ಇದೆ, ಬರಲೇ?’ ‘ಬರಲೇ ಎಂದು ಕೇಳಿದ್ದೆ’. ಬೆಳ್ಳುಳ್ಳಿಯೂ ಇತ್ತು, ಇಲ್ಲವೆಂದಲ್ಲ. ಕೊನೆಯ ಎರಡರಲ್ಲಿ ಒಂದು ಮದುವೆಯ ಕರೆ. ಇನ್ನೊಂದು ಅಕ್ಕನಿಗೆ ಬರೆದದ್ದು. ಅದನ್ನು ಜರಡಿಯವರು ಎಂದಿನಂತೆ ಓದಿ ಹೇಳಲು ಶುರುಮಾಡಿದರು: “ಅಕ್ಕ, ಅವಳ ಪಕ್ಕ ಅವಳ ಅಮ್ಮ ನಿಲ್ಲಬೇಕಾದ ಜಾಗ ಇದೆಯಲ್ಲ, ಅಲ್ಲಿ ನೀನೇ ನಿಲ್ಲಬೇಕು. ಇದು ನನ್ನ ಮಾತಲ್ಲ, ಅವಳದು. ನೀನು ಹೂಂ ಅಂದರೆ...”

ಅಲ್ಲಿಗೆ ಓದು ನಿಲ್ಲಿಸಿ ಅವರು ಪರದೆಯನ್ನು ಅತ್ತ ತಿರುಗಿಸಿದರು. ಮುಂದಿನದನ್ನು ಹೆಂಡತಿ ತಾನೇ ಬಾಗಿ ಓದಿಕೊಂಡಳು. ಆ ಪತ್ರಕ್ಕೆ ಅವನಿಗೆ ಹೋದ ಉತ್ತರ ಯಾವುದು ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಜರಡಿಯವರು ಬದುಕಿಕೊಳ್ಳುತ್ತಿದ್ದರು. ಸ್ವೆಟರ್ ತೆಗೆದು ಅವರ ತೊಡೆಯ ಮೇಲಿಟ್ಟು, “ಪ್ರಿಂಟ್ ತೆಗೀರಿ,” ಎಂದಳು.

“ಯಾವುದನ್ನ?”

“ಎಲ್ಲಾನೂ. ಇದು ಬಿಚ್ಚಿದ್ದನ್ನೂ, ಅವನು ಬರೆದದ್ದನ್ನೂ. ಬಾಯಿಮಾತು ಅವನು ನಂಬಲ್ಲ.”

ಮಧ್ಯಾಹ್ನದ ಬಸ್ಸಿನಲ್ಲಿ ಕಾಗದದ ಕಟ್ಟು ಜರಡಿಯವರ ತೊಡೆಯ ಮೇಲಿತ್ತು. ಹೆಂಡತಿಯ ಕೈಚೀಲದಲ್ಲಿ ನೀಲಿ ಸೀರೆ ಇತ್ತು. ಅವಳು ಅದನ್ನು ತಂದದ್ದು ಧೈರ್ಯಕ್ಕೋ ಹಟಕ್ಕೋ ಅವಳೂ ಹೇಳಲಾರಳು. ದಾರಿಯಲ್ಲಿ ಜರಡಿಯವರು ಒಂದೇ ಸಲ ಬಾಯಿ ತೆರೆದರು. “ತಾಂತ್ರಿಕವಾಗಿ ನೋಡಿದರೆ, ಯಂತ್ರ ತಪ್ಪು ಮಾಡಿಲ್ಲ...”

“ತಾಂತ್ರಿಕವಾಗಿ ನೋಡಿದ್ರೆ, ಕಿಟಕಿ ಕಡೆ ನೋಡಿ.”

ಭಾವಮೈದನ ಮನೆಯ ಮುಂದೆ ಬಾಡಿಗೆಯ ಕುರ್ಚಿಗಳನ್ನು ಒಂದರೊಳಗೊಂದು ತುರುಕಿ ಗೋಪುರ ಮಾಡಿದ್ದರು. ಅಂಗಳದಲ್ಲಿ ಯಾರೋ ದೀಪದ ತಂತಿ ಕಟ್ಟುತ್ತಿದ್ದರು. ನಡುಮನೆಯಲ್ಲಿ ಭಾವಮೈದ ಸ್ಟೂಲಿನ ಮೇಲೆ ನಿಂತು ಪರದೆ ಸಿಗಿಸುತ್ತಿದ್ದ. ಬಂದವರನ್ನು ಕಂಡು ಇಳಿಯಲಿಲ್ಲ.

“ಓಹೋ,” ಎಂದ, “ಬಿಡುವಾಯ್ತಾ ಭಾವ?”

“ಅದು ನಾನು ಬರೆದದ್ದಲ್ಲಯ್ಯ. ಅಂದ್ರೆ, ನಾನು ಬರೆದದ್ದೇ. ಆದರೆ ಆಗ. ಈಗಲ್ಲ.”

“ಏನು?” ಮಂದ ಕಿವಿ ಇತ್ತ ಕಡೆಗಿತ್ತು.

ಜರಡಿಯವರು ಸುತ್ತಿ ಹೋಗಿ ಬಲಗಿವಿಯ ಕಡೆ ನಿಂತು ಕಟ್ಟಿನಿಂದ ಹಾಳೆ ತೆಗೆದರು. ಪಠ್ಯ, ಅರೆದದ್ದು, ಚೀಟಿಯ ತಾರೀಖು, ಎಲ್ಲವನ್ನೂ ವಿವರಿಸಿದರು. ತಂತಿ ಕಟ್ಟುತ್ತಿದ್ದವನೂ ಕೆಲಸ ನಿಲ್ಲಿಸಿ ಕೇಳಿದ. ಭಾವಮೈದ ಪೂರ್ತಿ ಕೇಳಿ, “ಯಂತ್ರ ಮಾಡ್ತು ಅಂತೀರಿ,” ಎಂದ. “ನಮ್ಮಲ್ಲಿ ಬರೋ ಆರೋಪಿಗಳೆಲ್ಲ ಇದನ್ನೇ ಹೇಳೋದು. ಬ್ರೇಕ್ ಹಿಡೀಲಿಲ್ಲ, ಬೀಗ ತಾನೇ ಬಿಚ್ಕೊಳ್ತು.”

ಹಾಳೆಯನ್ನು ತೆಗೆದುಕೊಂಡು, ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವನ ಕಣ್ಣಿನಿಂದ ಮೇಲಿನಿಂದ ಕೆಳಗೆ ಓದಿದ. ಅವನಿಗೆ ತಿಳಿದದ್ದು ಎರಡೇ: ಮೇಲೆ ತನ್ನ ವಿಳಾಸ, ಕೆಳಗೆ ಆ ವಾಕ್ಯ. ವಾಕ್ಯದ ಮೇಲೆ ಬೆರಳಿಟ್ಟ.

“ಇದನ್ನ ಯಾರು ಬರೆದದ್ದು? ಯಂತ್ರನಾ?”

ತಾಂತ್ರಿಕವಾಗಿ ಹೇಳಬಹುದಾದದ್ದು ಇನ್ನೂ ಬೇಕಾದಷ್ಟಿತ್ತು. ಜರಡಿಯವರು ಹೆಂಡತಿಯ ಕಡೆ ನೋಡಿದರು. ಅವಳು ಬಾಗಿಲ ಹೊರಗೇ, ಚಪ್ಪಲಿಯನ್ನೂ ಬಿಡದೆ ನಿಂತಿದ್ದಳು. ಒಳಗೆ ಬಾ ಎಂದು ಇನ್ನೂ ಯಾರೂ ಹೇಳಿರಲಿಲ್ಲ.

“ನಾನೇ ಬರೆದದ್ದು,” ಎಂದರು. “ನಿನ್ನ ಮೇಲೆ ಸಿಟ್ಟು ಬಂದಿತ್ತು. ತೆಗೆದದ್ದೂ ನಾನೇ. ತೆಗೆದಿದೀನಾ ಅಂತ ನೋಡಲಿಲ್ಲ. ನೀನು ಬರೆಯೋದು ನಿಂತಾಗ ಯಾಕೆ ನಿಂತು ಅಂತ ಕೇಳಲೂ ಇಲ್ಲ. ಸದ್ಯ, ಪೀಡೆ ಕಳೀತು ಅಂದ್ಕೊಂಡೆ. ಅದು ಇನ್ನೂ ಉಳಿದಿತ್ತು ಅಂತ ಇವಳಿಗೆ ಗೊತ್ತಿರಲಿಲ್ಲ. ನಿನ್ನ ಪತ್ರ ಇವಳು ನೋಡಿದ್ದು ಇವತ್ತು ಬೆಳಗ್ಗೆ.”

ಭಾವಮೈದ ಸ್ಟೂಲಿನಿಂದ ಇಳಿದ. ಬಾಗಿಲ ಕಡೆ ತಿರುಗಿ ಅಕ್ಕನನ್ನು ಮೊದಲ ಸಲ ನೇರವಾಗಿ ನೋಡಿದ.

“ಅವಳು ಎರಡು ವಾರದಿಂದ ಕೇಳ್ತಿದ್ಲು,” ಎಂದ. “ಅತ್ತೆ ಏನಂದ್ರು, ಅತ್ತೆ ಏನಂದ್ರು ಅಂತ. ನಾನು ಏನು ಹೇಳಲಿ ಅಕ್ಕ? ಬಿಡುವಾದಾಗ ಓದಲಾಗುವುದಂತೆ ಅಂತಲಾ?”

“ಹೂಂ ಅಂದ್ಲು ಅಂತ ಹೇಳು,” ಎಂದಳು ಅಕ್ಕ. “ಬೆಳಗ್ಗೆ ಓದಿದ ಕೂಡಲೇ ಅಂದೆ. ಅಲ್ಲಿ ಕೇಳಿಸ್ಕೊಳ್ಳೋರು ಯಾರೂ ಇರಲಿಲ್ಲ, ಇವರನ್ನ ಬಿಟ್ಟು.”

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ತಲೆ ತೊಳೆದು ಕೂದಲು ಬಿಟ್ಟುಕೊಂಡಿದ್ದ ಹುಡುಗಿ ಹೊಸ್ತಿಲಲ್ಲಿ ನಿಂತಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದಳೋ. ಕೈಯಲ್ಲಿದ್ದ ಬಾಚಣಿಗೆಯನ್ನು ಅತ್ತೆಯ ಕಡೆ ಚಾಚಿದಳು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಜರಡಿಯವರೂ ಹಿಂದೆಯೇ ಹೊರಟರು. ಭಾವಮೈದ ತೋಳು ಹಿಡಿದ.

“ನೀವೆಲ್ಲಿಗೆ? ಅವರದು ಮುಗೀತು, ನಮ್ಮದು ಮುಗಿದಿಲ್ಲ.” ಸ್ಟೂಲನ್ನು ಕಾಲಿನಿಂದ ಅವರ ಮುಂದೆ ತಳ್ಳಿದ. ತಾನು ಒಂದು ಬಾಡಿಗೆ ಕುರ್ಚಿ ಎಳೆದುಕೊಂಡು ಬಲಗಿವಿ ಅವರ ಕಡೆ ಮಾಡಿ ಕೂತ. “ಪತ್ರಗಳನ್ನ ತಂದಿದೀರಲ್ಲ, ಬಿಡುವೂ ಆಗಿದೆ. ಓದಿ.”

“ಎಲ್ಲಾನೂ?”

“ಓದಲಾಗುವುದು ಅಂತ ಬರೆದುಕೊಟ್ಟಿದೀರಿ. ದಾಖಲೆ ನನ್ನ ಹತ್ತಿರ ಇದೆ. ಗಟ್ಟಿಯಾಗಿ ಓದಿ. ಮುಗಿದ ಮೇಲೆ ಊಟ.”

ಮದುವೆಯ ಹಿಂದಿನ ಸಂಜೆ ಬಂದವರೆಲ್ಲರಿಗೂ ಆ ನಡುಮನೆಯಲ್ಲಿ ಕಂಡದ್ದು ಇದು: ಸ್ಟೂಲಿನ ಮೇಲೆ ಒಬ್ಬ ಹಿರಿಯರು ಕಾಗದದ ಕಟ್ಟು ಹಿಡಿದು, ಮೊದಲ ಹಾಳೆಯಿಂದ ತಾರೀಖಿನ ಕ್ರಮದಲ್ಲಿ, ಗಟ್ಟಿಯಾಗಿ ಓದುತ್ತಿದ್ದಾರೆ. ನೀಲಿ ಸೀರೆಯ ದೊಡ್ಡಮ್ಮ ಒಂದು ದಿನ ಮೊದಲೇ ಬಂದಿದ್ದಳು. ಇದೇನೋ ಶಾಸ್ತ್ರವಿರಬೇಕು ಎಂದು ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಎಡಮಗ್ಗುಲ ಇನ್ನಷ್ಟು ಲಾಭಗಳು ಮುಗಿದವು. ‘ಅಕ್ಕನ ಕಣ್ಣು ಹೇಗಿದೆ?’ ಎಂಬುದು ಬಂದಾಗ ಕೇಳುವವನು ಅಂಗಳದ ದೀಪದ ಕಡೆ ನೋಡಿದ. ಆಮೇಲೆ ಬೆಳ್ಳುಳ್ಳಿ ಶುರುವಾಯಿತು.

“ಒಂದು ಸಾಲು ಹಾರಿಸಿದ್ರಿ,” ಎಂದ ಭಾವಮೈದ.

“ಇಲ್ಲ.”

“ಹಾರಿಸಿದ್ರಿ. ಜೇನುತುಪ್ಪದ್ದು. ನಾನು ಬರೆದದ್ದು ನನಗೆ ಗೊತ್ತಿಲ್ವಾ?”

“ಬರೆದದ್ದು ಗೊತ್ತಿದ್ರೆ ಸಾಲದಯ್ಯ...” ಎಂದು ಅಭ್ಯಾಸಬಲದಿಂದ ಶುರುಮಾಡಿದ ಜರಡಿಯವರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಜೇನುತುಪ್ಪದ ಸಾಲು ಇತ್ತು. ಅದನ್ನೂ ಓದಿದರು.

ಒಳಕೋಣೆಯಲ್ಲಿ ಅತ್ತೆ ಕೂದಲನ್ನು ಎರಡು ಪಾಲು ಮಾಡಿದ್ದಳು. “ನಾಳೆ ಒಂದೇ ಜಡೆ ಅತ್ತೆ,” ಎಂದು ಹುಡುಗಿ ನೆನಪಿಸಿದಳು. “ನಾಳೇದು ನಾಳೆ. ಸುಮ್ನೆ ಕೂತ್ಕೋ,” ಎಂದು ಅತ್ತೆ ಎರಡನ್ನೂ ಹೆಣೆದು ಮುಗಿಸಿ, ಬಾಗಿಲ ಕಡೆ ತಿರುಗಿ ಕೂಗಿದಳು:

“ರೀ, ಓದೋದು ಒಂದು ನಿಮಿಷ ನಿಲ್ಲಿಸಿ ಒಳಗೆ ಬನ್ನಿ. ಎರಡೂ ಒಂದೇ ಉದ್ದ ಇದೆಯಾ ನೋಡಬೇಕು. ಬರೋವಾಗ ಪಟ್ಟಿ ತನ್ನಿ, ಸುಮ್ಮನೆ ಬಾಯಲ್ಲಿ ಹೇಳಿದ್ರೆ ನಂಬೋರು ಈ ಮನೇಲಿ ಯಾರೂ ಇಲ್ಲ.”